ಚಳಿಗೆ ಎಲೆ ಉದುರಿಸಿದ ತಪ್ಪಿಗೆ

ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ನಮ್ಮ ಕಡೆಯವರೆಲ್ಲ ಕೇಳಿದ್ದು ಒಂದೇ: ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ, ಹಡಗು ಹತ್ತಿದಿರಾ. ನಾನು ಅವು ಯಾವುದನ್ನೂ ನೋಡಲಿಲ್ಲ. ನಾಲ್ಕು ತಿಂಗಳು ಒಂದು ಸಣ್ಣ ಊರಿನಲ್ಲಿದ್ದೆ. ಅದರಲ್ಲೂ ಹೆಚ್ಚಿನ ಹೊತ್ತು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹಿತ್ತಲು ನೋಡುತ್ತಿದ್ದೆ. ಆ ಹಿತ್ತಲಿನಲ್ಲಿ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿ ಆರುವ ಮುಂಚೆ ಬರೆದುಬಿಡುತ್ತೇನೆ.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಸಸಿಗಳ ನರ್ಸರಿ ಇದೆ. ನಾನೂ ನನ್ನ ಯಜಮಾನರೂ ಸೇರಿ ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿದ್ದೇವೆ. ಮಾವು, ಹಲಸು, ತೇಗ, ನುಗ್ಗೆ, ಮನೆ ಮುಂದೆ ಇಡುವ ಹೂವಿನ ಗಿಡ, ಏನು ಕೇಳಿದರೂ ಮಾಡಿಕೊಡುತ್ತೇವೆ. ನನ್ನ ತವರು ಸೊರಬದ ಕಡೆ. ತಂಗಿ ಗಿರಿಜಾ ನರ್ಸಿಂಗ್ ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಈಗ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ವೃದ್ಧಾಶ್ರಮದ ನರ್ಸ್. ಒಬ್ಬಳೇ ಇದ್ದಾಳೆ. ಜನವರಿಯಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲಿನ ಹರಡು ಮುರಿದುಕೊಂಡಳು. ಮಣ್ಣು ಕಲಸಿ ಚೀಲ ತುಂಬುವ ಕಾಲದಲ್ಲಿ ನರ್ಸರಿಯನ್ನು ಯಜಮಾನರ ತಲೆಗೆ ಕಟ್ಟಿ ನಾನು ವಿಮಾನ ಹತ್ತಿದೆ.

ಮೊದಲ ವಾರ

ಆ ದೇಶದಲ್ಲಿ ಮೊದಲು ನನ್ನ ಕಿವಿಗೆ ಬಿದ್ದದ್ದು ಕ್ಷಮೆ. ಬಸ್ಸಿನಲ್ಲಿ ನಾನೇ ಒಬ್ಬ ಮುದುಕನ ಕಾಲು ತುಳಿದೆ. ಆತನೇ ಸಾರಿ ಎಂದ. ಅಂಗಡಿಯಲ್ಲಿ ದಾರಿಗೆ ಅಡ್ಡ ನಿಂತಿದ್ದವಳು ನಾನು, ಸಾರಿ ಹೇಳಿದವಳು ಇನ್ನೊಬ್ಬಳು. ಶಿರಾಳಕೊಪ್ಪದ ಸಂತೆಯಲ್ಲಿ ಯಾರ ಕಾಲನ್ನಾದರೂ ತುಳಿದರೆ ನಮ್ಮ ಕಣ್ಣು ಎಲ್ಲಿತ್ತು ಎಂದು ಕೇಳುತ್ತಾರೆ, ನಾವೂ ಎರಡು ಮಾತು ವಾಪಸ್ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ಎಷ್ಟು ಒಳ್ಳೆಯ ಜನ ಎಂದು ಗಿರಿಜಾಗೆ ಹೇಳಿದೆ. ಅವಳು ನಕ್ಕಳು.

ಅವಳದು ಬಾಡಿಗೆ ಮನೆ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನ ಕೊನೆಯದು. ಹಿಂದೆ ಉದ್ದನೆಯ ಹಿತ್ತಲು, ಅದರ ಕೊನೆಯಲ್ಲಿ ಒಂದೇ ಒಂದು ಮರ. ಮಹಡಿ ಮನೆಯನ್ನು ಮೀರಿ ಇನ್ನಷ್ಟು ಎತ್ತರ ಹೋಗಿತ್ತು. ಬುಡದಲ್ಲಿ ಅಗಲ, ಮೇಲೆ ಹೋದಂತೆ ಚೂಪು. ಮೈಮೇಲೆ ಒಂದು ಎಲೆಯಿಲ್ಲ. ಉಳಿದವರ ಹಿತ್ತಲಿನ ಸೂಜಿ ಎಲೆಯ ಮರಗಳೆಲ್ಲ ಆ ಚಳಿಯಲ್ಲೂ ಕಡು ಹಸಿರಾಗಿದ್ದವು. ಇದೊಂದು ಮಾತ್ರ ಬೋಳು.

ಅದು ಸತ್ತುಹೋಗಿದೆ ಎಂದಳು ಗಿರಿಜಾ. ಆಗಸ್ಟಿನಲ್ಲಿ ಅವಳು ಮನೆಗೆ ಬಂದಾಗ ಹಸಿರಾಗಿಯೇ ಇತ್ತಂತೆ. ನವೆಂಬರಿನಲ್ಲಿ ಇಡೀ ಮರ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಎರಡೇ ವಾರದಲ್ಲಿ ಎಲ್ಲ ಉದುರಿತಂತೆ. ಮನೆ ಮಾಲೀಕ ನೋಡಿ ರೋಗ ಬಂದಿದೆ, ಬೀಳುವ ಮುಂಚೆ ಕಡಿಸಬೇಕು ಎಂದಿದ್ದನಂತೆ.

ಮರುದಿನ ಗಿರಿಜಾಳ ದಪ್ಪ ಕೋಟು ಹಾಕಿಕೊಂಡು ಮರದ ಹತ್ತಿರ ಹೋದೆ. ಬುಡದಲ್ಲಿ ಉದುರಿದ ಎಲೆ ಕಾಫಿಪುಡಿ ಚೆಲ್ಲಿದ ಹಾಗೆ ಹಾಸಿತ್ತು. ಕೈಗೆತ್ತಿಕೊಂಡು ನೋಡಿದರೆ ಸಣ್ಣ ಸಣ್ಣ ಗರಿ, ಹಕ್ಕಿಯ ಪುಕ್ಕದಂತೆ. ಗರಿಗೆ ಗರಿಯೇ ಕಳಚಿ ಬಿದ್ದಿತ್ತು. ಒಣಗಿ ಸಾಯುವ ಗಿಡ ಹೀಗೆ ಚೊಕ್ಕವಾಗಿ ಕಳಚುವುದಿಲ್ಲ, ಎಲೆಯನ್ನು ಹಿಡಿದುಕೊಂಡೇ ಸಾಯುತ್ತದೆ. ತೊಗಟೆ ತೆಂಗಿನ ನಾರಿನಂತೆ ಉದ್ದುದ್ದ ಸುಲಿಯುತ್ತಿತ್ತು, ಕೆಳಗಿನದು ಕೆಂಪಗೆ ಗಟ್ಟಿಯಾಗಿತ್ತು. ಕೊಂಬೆ ಹೊರಟ ಜಾಗದ ಕೆಳಗೆಲ್ಲ ಕಂಕುಳಿನಂಥ ಗುಳಿ. ಅಂಥ ಮರ ನಾನು ಕಂಡೇ ಇರಲಿಲ್ಲ. ಕೈಗೆಟುಕುವ ಒಂದು ಕಡ್ಡಿ ಬಗ್ಗಿಸಿದೆ. ಮುರಿಯಲಿಲ್ಲ, ಬಾಗಿತು. ಅದರ ಮೇಲೆ ಜೋಡಿ ಜೋಡಿಯಾಗಿ ಗೋಧಿ ಕಾಳಿಗಿಂತ ಸಣ್ಣ ಮೊಗ್ಗು. ಹೆಬ್ಬೆರಳ ಉಗುರಿನಿಂದ ಸಿಪ್ಪೆ ಕೆರೆದೆ. ಒಳಗೆ ಹಸಿರು, ತೇವದ ಹಸಿರು.

ನಮ್ಮ ಕಡೆ ತೇಗ ಬೇಸಿಗೆಗೆ ಬೋಳಾಗುತ್ತದೆ, ಬೂರುಗ ಬೋಳಾಗುತ್ತದೆ, ಮುತ್ತುಗ ಬೋಳಾಗಿ ಹೂ ಬಿಡುತ್ತದೆ. ಯಾರೂ ಕೊಡಲಿ ತರುವುದಿಲ್ಲ. ಇದು ಚಳಿಗೆ ಬೋಳಾಗಿದೆ, ಅಷ್ಟೇ. ಸೂಜಿ ಎಲೆಯ ಜಾತಿಯಲ್ಲಿ ಹೀಗೂ ಒಂದಿದೆ ಎಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಉಗುರಿಗೆ ಗೊತ್ತಾಯಿತು.

ಮಾಲೀಕ ಬಂದ ದಿನ

ಮಾಲೀಕನ ಹೆಸರು ಡೆರೆಕ್. ಅರವತ್ತು ದಾಟಿದ, ಕೆಂಪು ಮುಖದ, ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬರುವ ಮನುಷ್ಯ. ಹಿಂದಿನ ಬೇಸಿಗೆಯಲ್ಲಷ್ಟೇ ಆ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದ. ಸೋರುವ ನಲ್ಲಿ ನೋಡಲು ಬಂದವನು ಕಿಟಕಿಯಿಂದ ಮರ ತೋರಿಸಿ, ಬರುವ ಗುರುವಾರ ಕಡಿಯುವವರು ಬರುತ್ತಾರೆ, ಸದ್ದಾಗುತ್ತದೆ, ತೊಂದರೆಗೆ ಸಾರಿ ಎಂದ.

ನನ್ನ ಇಂಗ್ಲಿಷು ನರ್ಸರಿಯ ಇಂಗ್ಲಿಷು. ಗ್ರಾಫ್ಟು, ಕಟಿಂಗು, ಪಾಟು, ಕೋಕೋಪೀಟು. ಅದರಲ್ಲಿ ವಾದ ಮಾಡಲು ಬರುವುದಿಲ್ಲ. ಗಿರಿಜಾಗೆ ಹೇಳಿದೆ:

“ಮರ ಸತ್ತಿಲ್ಲ ಅಂತ ಹೇಳೆ. ಉಗುರು ಹಾಕಿ ನೋಡಿದೀನಿ, ಒಳಗೆ ಹಸಿರೈತೆ. ಕಡ್ಡಿ ತುಂಬ ಮೊಗ್ಗೈತೆ. ಎರಡು ತಿಂಗಳು ತಡಿ ಅನ್ನು, ಚಿಗುರ್ಲಿಲ್ಲ ಅಂದ್ರೆ ಆಮೇಲೆ ಕಡಿಸ್ಲಿ.”

ಗಿರಿಜಾ ಊರುಗೋಲಿನ ಮೇಲೆ ಬಾಗಿಕೊಂಡು ಡೆರೆಕ್‌ಗೆ ಏನೋ ಹೇಳಿದಳು. ಆತ ನನ್ನ ಕಡೆ ತಿರುಗಿ ನಕ್ಕ. ಇಂಡಿಯಾದಲ್ಲಿ ತುಂಬಾ ಮರಗಳಿವೆಯಲ್ಲವೇ ಎಂದು ಕೇಳಿದ. ನಾನು ಹೇಳಿಸಿದ ಮಾತಿಗೆ ಇದು ಉತ್ತರವಲ್ಲ ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಆತ ಹೋದ ಮೇಲೆ ಏನು ಹೇಳಿದೆ ಎಂದು ಕೇಳಿದೆ. ತಂಗಿ ಮೊದಲು ತಡವರಿಸಿದಳು. ಆಮೇಲೆ, ನನ್ನಕ್ಕನಿಗೆ ನಿಮ್ಮ ಮರ ಅಂದರೆ ಬಹಳ ಇಷ್ಟ ಎಂದು ಹೇಳಿದೆ ಅಂತ ಒಪ್ಪಿಕೊಂಡಳು.

ನಾನು ಬಾಯಿಗೆ ಬಂದಂತೆ ಬೈದೆ. ಹಸಿರು ಜೀವ ಕಣ್ಣೆದುರು ಇದೆ, ನೀನು ಇಷ್ಟ ಕಷ್ಟ ಅಂತ ನಾಟಕ ಮಾಡುತ್ತೀಯಾ ಎಂದೆ. ಅವಳು ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದಳು:

“ಅಕ್ಕಾ, ನಿಂಗೆ ವಾಪಸ್ ಹೋಗಕ್ಕೆ ಮನೆ ಐತೆ. ನಂಗೆ ಈ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಹುಡುಕೋದು ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ಲ. ಕಾಲು ಬೇರೆ ಹಿಂಗೈತೆ. ಅವನಿಗೆ ನಿಂದು ತಪ್ಪು ಅಂತ ನಾನ್ ಹೇಳಕಾಗಲ್ಲ.”

ಊರಿಗೆ ಫೋನು ಮಾಡಿ ಯಜಮಾನರಿಗೆ ಹೇಳಿದರೆ, ಯಾರದೋ ದೇಶ, ಯಾರದೋ ಮರ, ತಂಗಿಯ ಕಾಲು ನೋಡಿಕೊಂಡು ಬಾ ಎಂದರು. ಅವರ ಮೇಲೂ ರೇಗಿ ಫೋನು ಇಟ್ಟೆ.

ಗುರುವಾರ

ಬೆಳಗ್ಗೆ ವ್ಯಾನು ಬಂತು. ಕೆಂಪು ಗಡ್ಡದ, ಮೂವತ್ತೈದರ ಆಸುಪಾಸಿನ ಒಬ್ಬ, ಜೊತೆಗೆ ಹಗ್ಗ ಹಿಡಿಯುವ ಇನ್ನೊಬ್ಬ. ಡೆರೆಕ್ ಬಂದಿರಲಿಲ್ಲ. ನಾನು ಚಪ್ಪಲಿಯಲ್ಲೇ ಓಡಿ ಮರದ ಮುಂದೆ ನಿಂತೆ. ಟ್ರೀ ನೋ ಡೆಡ್, ಎಂದೆ. ಕಡ್ಡಿ ಕೆರೆದು ತೋರಿಸಿದೆ. ಗಡ್ಡದವನು ಕೈಗವಸು ಬಿಚ್ಚಿ, ಜೇಬಿನಿಂದ ಸಣ್ಣ ಚಾಕು ತೆಗೆದು, ಕಾಂಡದ ಮೇಲೇ ಒಂದು ಗೀರು ಎಳೆದ. ಬಾಗಿ ನೋಡಿದ. ಮೇಲೆ ನೋಡಿದ. ತಲೆಯಾಡಿಸಿದ. ಹೌದು, ಇದು ಬದುಕಿದೆ ಎಂದ. ನಾನು ಗೆದ್ದೆ ಅಂದುಕೊಂಡೆ.

ಆಮೇಲೆ ಆತ ನನ್ನ ಹಿಂದೆ ಬಾಗಿಲಿಗೆ ಬಂದು ನಿಂತಿದ್ದ ಗಿರಿಜಾಳ ಕಡೆ ತಿರುಗಿ, ಕಡಿಯಲು ಹೇಳಿದ್ದಾರೆ, ನನಗೆ ಹೇಳಿದ್ದು ಅಷ್ಟೇ, ಸಾರಿ ಎಂದ. ಮೈಗೆ ಹಗ್ಗ ಕಟ್ಟಿಕೊಂಡು ಮೇಲೆ ಹತ್ತಿದ.

ಸಿಟ್ಟಿನಲ್ಲಿ ಅಳು ಬರುವುದುಂಟು, ನನಗೆ ಅವತ್ತು ಬಂತು. ಗೊತ್ತಿಲ್ಲದೆ ಕಡಿಯುವವನನ್ನು ಕ್ಷಮಿಸಬಹುದು. ಚಾಕು ಹಾಕಿ ಜೀವ ಇದೆ ಎಂದು ನೋಡಿ, ಬಾಯಿ ತುಂಬ ಹೇಳಿ, ಆಮೇಲೆ ಗರಗಸ ಚಾಲೂ ಮಾಡುವವನನ್ನು ಏನನ್ನಬೇಕು? ನಾನು ಕನ್ನಡದಲ್ಲೇ ಕೂಗಾಡಿದೆ. ಗರಗಸದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಆದರೆ ಕಿಟಕಿಗೆ ಬಂದು ನಿಂತ ಮೇಲೆ ಬೇರೊಂದು ನೆನಪು ಬಂದು ನನ್ನನ್ನೇ ಹಿಡಿಯಿತು. ಹಿಂದಿನ ವರ್ಷ ನಮ್ಮ ನರ್ಸರಿಗೆ ಒಂದು ಕಚೇರಿಯಿಂದ ಸಸಿ ಬೇಕೆಂದು ಬಂದಿದ್ದರು. ಯಾವುದೋ ಗಿಡ ನೆಡುವ ಸಮಾರಂಭ, ಏಪ್ರಿಲ್ ಕೊನೆ. ಆ ಬಿಸಿಲಿನಲ್ಲಿ ಬಳ್ಳಿಗಾವಿ ರಸ್ತೆಯ ಬದಿಯ ಗಟ್ಟಿ ನೆಲದಲ್ಲಿ, ನೀರು ಹಾಕುವವರಿಲ್ಲದೆ, ಆ ಸಸಿಗಳು ಒಂದು ವಾರ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಳೆ ಬರುವವರೆಗೆ ಕಾಯಿರಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿದ್ದಾರೆ, ಕೊಡುವುದು ನಮ್ಮ ಕೆಲಸ ಎಂದು ನಾನೇ ನಿಂತು ವಾಹನಕ್ಕೆ ತುಂಬಿಸಿದೆ. ಜೂನಿನಲ್ಲಿ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಡ್ಡಿಗಳು ಮಾತ್ರ ನಿಂತಿದ್ದವು. ಅವತ್ತು ನಾನು ಮುಖ ತಿರುಗಿಸಿಕೊಂಡು ಇನ್ನೊಂದು ಕಡೆಯ ಗದ್ದೆ ನೋಡಿದ್ದೆ.

ಇದು ನೆನಪಾಗಿ ಸಿಟ್ಟು ಕಡಿಮೆಯಾಯಿತು ಎಂದು ತಿಳಿಯಬೇಡಿ. ಇನ್ನೂ ಜಾಸ್ತಿಯಾಯಿತು. ಅದರಲ್ಲಿ ಸ್ವಲ್ಪ ನನ್ನ ಪಾಲಿಗೂ ಬಂತು ಅಷ್ಟೇ.

ಮಧ್ಯಾಹ್ನಕ್ಕೆ ಮೊಣಕಾಲೆತ್ತರದ ಬೊಡ್ಡೆ ಉಳಿಯಿತು. ಬೇರು ಕಿತ್ತು ಪುಡಿ ಮಾಡುವ ಯಂತ್ರ ಹಿತ್ತಲ ಪಕ್ಕದ ಸಣ್ಣ ಗೇಟಿನಲ್ಲಿ ಹಿಡಿಸಲಿಲ್ಲ. ಮತ್ತೆ ಚಿಗುರದಂತೆ ಬೊಡ್ಡೆಗೆ ಸುರಿಯುವ ಔಷಧಿಯ ಡಬ್ಬಿಯನ್ನು ಗಡ್ಡದವನು ತಂದ. ಮುಚ್ಚಳ ತೆಗೆದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆತ ನನ್ನ ಕಡೆ ಒಮ್ಮೆ ನೋಡಿ, ಮುಚ್ಚಳ ಮತ್ತೆ ಹಾಕಿ, ಡಬ್ಬಿಯನ್ನು ವ್ಯಾನಿಗೆ ಇಟ್ಟುಬಿಟ್ಟ. ನಾನು ಥ್ಯಾಂಕ್ಸ್ ಹೇಳಲಿಲ್ಲ.

ಅವರು ಹೋದ ಮೇಲೆ ಬೊಡ್ಡೆಯ ಹತ್ತಿರ ಕೂತು ಉಂಗುರ ಎಣಿಸಿದೆ. ನಲವತ್ತಕ್ಕೆ ಒಂದೆರಡು ಕಡಿಮೆ. ಒಂದೂ ಕೊಳೆತಿಲ್ಲ, ಹುಳ ಬಿದ್ದಿಲ್ಲ. ಕೆಂಪು ತಿರುಳಿನಿಂದ ನೀರು ಒಸರುತ್ತಿತ್ತು.

ಬೇಲಿಯಾಚೆ

ಪಕ್ಕದ ಮನೆಯಲ್ಲಿ ಜೀನ್ ಎಂಬ ಅಜ್ಜಿ ಇದ್ದರು. ಎಂಬತ್ತರ ಮೇಲೆ ವಯಸ್ಸು. ನಾವು ಮರೆತರೆ ನಮ್ಮ ಕಸದ ಡಬ್ಬಿಯನ್ನು ಬೀದಿಗೆ ತಂದಿಡುತ್ತಿದ್ದರು, ಗಿರಿಜಾಗೆ ಸೂಪು ಮಾಡಿ ಕೊಡುತ್ತಿದ್ದರು. ಮರ ಕಡಿದ ಮೂರನೆಯ ದಿನ ಬೇಲಿಯ ಹತ್ತಿರ ನಿಂತು ಬೊಡ್ಡೆ ನೋಡಿ ನಿಟ್ಟುಸಿರುಬಿಟ್ಟರು. ಹಿಂದೆ ಆ ಮನೆಯಲ್ಲಿದ್ದ ಮೇಷ್ಟ್ರು ಕುಂಡದಲ್ಲಿ ತಂದು ನೆಟ್ಟದ್ದಂತೆ. ಎಷ್ಟು ಚೆಂದದ ಮರ, ಪ್ರತಿ ಚಳಿಗಾಲಕ್ಕೂ ಬೋಳಾಗಿ ಏಪ್ರಿಲ್‌ಗೆ ರೇಷ್ಮೆಯಂಥ ಹಸಿರು ಬರುತ್ತಿತ್ತು, ಎಂದರು.

ಗಿರಿಜಾ ಅದನ್ನು ಕನ್ನಡಕ್ಕೆ ತರುವ ಮುಂಚೆಯೇ ನನಗೆ ಅರ್ಥವಾಯಿತು. ಪ್ರತಿ ಚಳಿಗಾಲಕ್ಕೂ! ಈ ಅಜ್ಜಿಗೆ ನಲವತ್ತು ವರ್ಷದಿಂದ ಗೊತ್ತು. ಗರಗಸ ಓಡುವಾಗ ಪರದೆ ಸರಿಸಿ ನೋಡುತ್ತಿದ್ದವರೂ ಇವರೇ. ಡೆರೆಕ್‌ಗೆ ಯಾಕೆ ಹೇಳಲಿಲ್ಲ ಎಂದು ಕೇಳು ಎಂದೆ. ಗಿರಿಜಾ ಕೇಳಿದಳು, ಮೆತ್ತಗೆ. ಅಜ್ಜಿ ಆಶ್ಚರ್ಯಪಟ್ಟರು. ಅದು ಅವರ ಹಿತ್ತಲು, ನಾನು ಹೇಳುವುದು ಸರಿಯಾಗುತ್ತಿರಲಿಲ್ಲ, ಎಂದರು.

ಹೊತ್ತು ಗೊತ್ತಿಲ್ಲದೆ ಕ್ಷಮೆ ಕೇಳುವ ಜನ, ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ತೆರೆಯಲಿಲ್ಲ. ನಮ್ಮೂರಿನಲ್ಲಿ ನಾನು ನಮ್ಮದೇ ಅಂಗಳದ ಒಂದು ದಾಸವಾಳ ಸವರಿದರೆ ಬೀದಿಯಲ್ಲಿ ಹೋಗುವ ಮೂರು ಜನ ನಿಂತು ಯಾಕ್ರೀ ಅಷ್ಟು ಕಡಿದ್ರಿ ಎಂದು ಕೇಳುತ್ತಾರೆ. ನಿಮಗ್ಯಾಕ್ರೀ ಎಂದು ಎಷ್ಟು ಸಲ ರೇಗಿದ್ದೇನೋ. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆ ದಿನ ಅಜ್ಜಿ ಕೊಟ್ಟ ಸೂಪನ್ನು ನಾನು ಮುಟ್ಟಲಿಲ್ಲ.

ಉದ್ಯಾನದಲ್ಲಿ

ಏಪ್ರಿಲ್ ಮಧ್ಯದ ಹೊತ್ತಿಗೆ ಗಿರಿಜಾ ಊರುಗೋಲು ಬಿಟ್ಟು ನಿಧಾನಕ್ಕೆ ನಡೆಯತೊಡಗಿದಳು. ಇಬ್ಬರೂ ಬಸ್ಸಿನಲ್ಲಿ ಹತ್ತಿರದ ಪಟ್ಟಣದ ಉದ್ಯಾನಕ್ಕೆ ಹೋದೆವು. ಅಲ್ಲಿ ಕೊಳದ ದಂಡೆಯಲ್ಲಿ ನಮ್ಮ ಮರದ ಅಣ್ಣತಮ್ಮಂದಿರಂತೆ ಮೂರು ನಿಂತಿದ್ದವು. ಅದೇ ಕೆಂಪು ತೊಗಟೆ, ಅದೇ ಕಂಕುಳಿನ ಗುಳಿ. ಕೊಂಬೆಯ ತುಂಬ ಎಳೆ ಗರಿ, ಕೈಯಾಡಿಸಿದರೆ ಮರಿಕೋಳಿಯ ಮೈಯಷ್ಟು ಮೆತ್ತಗೆ. ಬುಡದ ಸುತ್ತ ಹುಲ್ಲು ಬೆಳೆಯದ ಹಾಗೆ ಒಂದು ಮಾರು ಜಾಗ ಬಿಡಿಸಿ, ಮರದ ಚಕ್ಕೆ ಹಾಸಿ, ತೇವ ಆರದಂತೆ ನೋಡಿಕೊಂಡಿದ್ದರು. ಚಕ್ಕೆಯನ್ನು ಕಾಂಡಕ್ಕೆ ತಾಗಿಸಿರಲಿಲ್ಲ. ಕೆಲಸ ಬಲ್ಲವರು.

ಪಕ್ಕದಲ್ಲಿ ಫಲಕ. ಗಿರಿಜಾ ಓದಿ ಹೇಳಿದಳು. ಡಾನ್ ರೆಡ್‌ವುಡ್ ಎಂದು ಹೆಸರು. ಮೊದಲು ಕಲ್ಲಿನಲ್ಲಿ ಅಚ್ಚೊತ್ತಿದ ಎಲೆಗಳನ್ನಷ್ಟೇ ನೋಡಿ, ಈ ಜಾತಿ ಯಾವತ್ತೋ ಭೂಮಿಯಿಂದ ಅಳಿದುಹೋಗಿದೆ ಎಂದು ವಿಜ್ಞಾನಿಗಳು ತಿಳಿದಿದ್ದರಂತೆ. ಆಮೇಲೆ ಚೀನಾದ ಒಂದು ಕಣಿವೆಯಲ್ಲಿ ಜೀವಂತ ಮರಗಳೇ ಸಿಕ್ಕವಂತೆ. ಅಲ್ಲಿಂದ ಬಂದ ಬೀಜದಿಂದ ಲೋಕದ ತೋಟಗಳಲ್ಲೆಲ್ಲ ಬೆಳೆಸಿದರಂತೆ. ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಚಳಿಗಾಲದಲ್ಲಿ ಇದು ಎಲೆ ಉದುರಿಸುತ್ತದೆ, ಸತ್ತಿದೆ ಎಂದು ತಿಳಿಯಬೇಡಿ ಎಂದು ಬರೆದಿತ್ತು.

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ಬೈಯಬಹುದಿತ್ತು, ಬೈಯಲಿಲ್ಲ. ಫಲಕ ನೋಡಿ ಮಾತ್ರ ಮತ್ತೆ ಹೊಟ್ಟೆ ಉರಿಯಿತು. ಇಷ್ಟು ಹತ್ತಿರದಲ್ಲಿ, ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.

ಮೇ, ಕೊನೆಯ ವಾರ

ನಾನು ಬೊಡ್ಡೆಯನ್ನು ಬಿಟ್ಟಿರಲಿಲ್ಲ. ಉದುರಿದ ಗರಿಗಳನ್ನೇ ಗುಡಿಸಿ ಬುಡದ ಸುತ್ತ ಹಾಸಿದ್ದೆ. ಮಳೆ ಬಾರದ ದಿನ ಅಕ್ಕಿ ತೊಳೆದ ನೀರನ್ನೂ ಸೇರಿಸಿ ಎರಡು ಬಕೆಟ್ ಸುರಿಯುತ್ತಿದ್ದೆ. ನಮ್ಮ ಕಡೆ ನೀಲಗಿರಿ ಕಡಿದರೆ ಬೊಡ್ಡೆಯಿಂದ ಚಿಗುರು ಬರುತ್ತದೆ, ತೇಗದಲ್ಲೂ ಬರುತ್ತದೆ. ಸೂಜಿ ಎಲೆಯ ಮರ ಹಾಗೆ ಚಿಗುರುವುದು ಅಪರೂಪ, ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಸಿಟ್ಟಿಗೆ ನೀರು ಹಾಕುತ್ತಿದ್ದೆ.

ಮೇ ಮೊದಲ ವಾರ ತೊಗಟೆಯ ಸಂದಿನಲ್ಲಿ ಹಸಿರು ಚುಕ್ಕೆ ಕಂಡವು. ತಿಂಗಳ ಕೊನೆಗೆ ಸುತ್ತಲೂ ಇಪ್ಪತ್ತಕ್ಕೂ ಹೆಚ್ಚು ಚಿಗುರು, ಕೆಲವು ಗೇಣುದ್ದ. ನಾನು ಹೊರಡಲು ನಾಲ್ಕು ದಿನ ಇತ್ತು. ಡೆರೆಕ್‌ನನ್ನು ಕರೆಸು ಎಂದು ಗಿರಿಜಾಗೆ ಹೇಳಿದೆ. ಈ ಸಲ ಅವಳು ತಡಮಾಡಲಿಲ್ಲ.

ಆತ ಬಂದು ಬೊಡ್ಡೆ ನೋಡಿ ಬೆರಗಾದ. ಮೊಬೈಲಿನಲ್ಲಿ ಫೋಟೋ ತೆಗೆದ. ಅದ್ಭುತ, ಸತ್ತ ಮರ ಹುಟ್ಟಿ ಬಂದಿದೆ ಎಂದ. ನಾನು ಇದ್ದ ಬದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, ನೋ ಡೆಡ್, ನೆವರ್ ಡೆಡ್ ಎಂದೆ. ಉದ್ಯಾನದ ಫಲಕದ ಫೋಟೋ ತೋರಿಸಿದೆ. ಆತ ಕನ್ನಡಕ ಹಾಕಿ ಓದಿದ. ಕೆಂಪು ಮುಖ ಇನ್ನೂ ಕೆಂಪಾಯಿತು. ಕೊನೆಗೆ ಹೇಳಿದ: ಆದರೆ ಯಾರೂ ನನಗೆ ಹೇಳಲಿಲ್ಲವಲ್ಲ.

ಅದು ನಿಜವಾಗಿತ್ತು. ನಾನು ಗಿರಿಜಾಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ, ಆತನನ್ನೇ ನೋಡುತ್ತಾ ನಿಧಾನಕ್ಕೆ ಇಂಗ್ಲಿಷಿನಲ್ಲಿ ಹೇಳಿದಳು. ಫೆಬ್ರವರಿಯಲ್ಲಿ ನನ್ನಕ್ಕ ಇದು ಬದುಕಿದೆ, ಎರಡು ತಿಂಗಳು ತಡೆಯಿರಿ ಎಂದು ಹೇಳಿದ್ದಳು. ನಾನು ನಿಮಗೆ ಬೇರೆಯೇ ಹೇಳಿದೆ. ಮನೆ ಖಾಲಿ ಮಾಡಿಸುತ್ತೀರಿ ಎಂದು ಹೆದರಿದ್ದೆ. ಪ್ರತಿ ಮಾತೂ ನನಗೆ ಅರ್ಥವಾಯಿತು.

ಡೆರೆಕ್ ಕನ್ನಡಕ ತೆಗೆದು ಜೇಬಿಗಿಟ್ಟ. ಮರದ ವಿಷಯಕ್ಕೆ ಯಾರನ್ನಾದರೂ ಮನೆಯಿಂದ ಕಳಿಸುತ್ತೇನೆ ಅಂದುಕೊಂಡೆಯಾ ಎಂದು ಕೇಳಿದ. ಅವಳು ಹೌದು ಎಂದಳು. ಆತನಿಗೆ ಅದು ಮರಕ್ಕಿಂತ ಹೆಚ್ಚು ನೋವಾದಂತೆ ಕಂಡಿತು. ನನಗೆ ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಕಡಿಸುವ ಮುಂಚೆ ಒಂದು ಕಡ್ಡಿ ಬಗ್ಗಿಸಿ ನೋಡಲು ಯಾರೂ ಹೇಳಬೇಕಾಗಿರಲಿಲ್ಲ.

“ಈಗ ಕೆಳಗೆ ಕೂರು ಅನ್ನು,” ಎಂದು ಗಿರಿಜಾಗೆ ಹೇಳಿದೆ. “ಇಷ್ಟೂ ಚಿಗುರು ಬಿಟ್ರೆ ಪೊದೆ ಆಗ್ತತೆ, ಮರ ಆಗಲ್ಲ. ಈ ವರ್ಷ ಎರಡು ಉಳಿಸ್ಲಿ, ಮುಂದಿನ ವರ್ಷ ಒಂದು. ನೆಲಕ್ಕೆ ಹತ್ತಿರ ಹುಟ್ಟಿದ್ದೇ ಆಗ್ಬೇಕು, ಮೇಲಿಂದು ಗಾಳಿಗೆ ಸೀಳಿಹೋಗ್ತತೆ. ಮಿಕ್ಕಿದ್ದನ್ನ ಅವನ ಕೈಲೇ ತೆಗೀಲಿ.”

ಅವಳು ಒಂದಕ್ಷರ ಬಿಡದೆ ಹೇಳಿದಳು. ಡೆರೆಕ್ ಒದ್ದೆ ನೆಲದ ಮೇಲೆ ಮೊಣಕಾಲೂರಿದ. ಎಳೆ ಚಿಗುರನ್ನು ಕತ್ತರಿಸದೆ ಹೆಬ್ಬೆರಳಿನಿಂದ ಬುಡಸಹಿತ ಉಜ್ಜಿ ತೆಗೆಯುವುದನ್ನು ತೋರಿಸಿಕೊಟ್ಟೆ. ಕತ್ತರಿಸಿದರೆ ಅಲ್ಲೇ ಮತ್ತೆ ನಾಲ್ಕು ಹುಟ್ಟುತ್ತವೆ. ಆತನ ಬೆರಳು ದಪ್ಪ, ಆದರೂ ಜೋಪಾನವಾಗಿ ಮಾಡಿದ. ಮೊದಲಿನಷ್ಟು ಎತ್ತರ ಆಗಲು ಎಷ್ಟು ದಿನ ಬೇಕು ಎಂದು ಕೇಳಿದ. ನಾನು ಬೊಡ್ಡೆಯ ಉಂಗುರಗಳ ಮೇಲೆ ಬೆರಳಿಟ್ಟು, ಒಳಗಿನಿಂದ ಹೊರಗಿನವರೆಗೆ ಒಂದೊಂದಾಗಿ ದಾಟಿಸುತ್ತಾ ಹೋದೆ. ಹದಿನೈದರ ಹತ್ತಿರ ಬಂದಾಗ, ಸಾಕು ಎಂಬಂತೆ ಕೈ ಎತ್ತಿದ.

ಕೊನೆಗೆ ನಾಲ್ಕು ಚಿಗುರು ಉಳಿದವು. ಅದರಲ್ಲಿ ಎರಡು ಹೋಗಬೇಕು. ಆತ ಯಾವುದನ್ನು ತೆಗೆಯಲಿ ಎಂದು ತಡವರಿಸಿ ಒಂದಕ್ಕೆ ಬೆರಳು ಹಾಕಿದ. ಆಗ ಬೇಲಿಯಾಚೆಯಿಂದ ಜೀನ್ ಅಜ್ಜಿಯ ದನಿ ಬಂತು. ಅದನ್ನು ತೆಗೆಯಬೇಡ, ಅದು ಎಲ್ಲಕ್ಕಿಂತ ನೆಟ್ಟಗಿದೆ, ಪಕ್ಕದ್ದನ್ನು ತೆಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೇಳಿದ್ದಕ್ಕೆ ಸಾರಿ ಎಂದೂ ಸೇರಿಸಿದರು.

ನಾನು ಬಾಗಿ ನೋಡಿದೆ. ಅಜ್ಜಿ ಹೇಳಿದ್ದು ಸರಿಯಾಗಿತ್ತು. ಡೆರೆಕ್ ಬೆರಳು ಹಿಂದಕ್ಕೆಳೆದ.